ಕ್ರಿಯಾಪದದ ಮಾಸ್ತರರು

ವಾಡಿ ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆಯೋ, ಸೇಡಮ್ಮಿನ ಚಹಾದಂಗಡಿಯ ಮೂಲೆಯಲ್ಲಿಯೋ, ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವನ್ನು ಬಗಲಲ್ಲಿ ಅವುಚಿಕೊಂಡು, ಪರರ ಬಾಯಿಂದ ಇಂಗ್ಲಿಷಿನ ಕ್ರಿಯಾಪದವೊಂದು ಜಾರಿ ಬೀಳುವುದನ್ನೇ ನಿರೀಕ್ಷಿಸುತ್ತಿರುವ ನಿವೃತ್ತ ಮಾಸ್ತರರೊಬ್ಬರು ನಿಮಗೆ ಎದುರಾಗಿಲ್ಲವೆಂದರೆ, ನಿಮ್ಮ ಪೂರ್ವಜನ್ಮದ ಸುಕೃತವು ನನ್ನದಕ್ಕಿಂತ ದೊಡ್ಡದೆಂದೇ ಹೇಳಬೇಕು. ‘ಗಾಡಿ ರೀಚ್ ಆಯ್ತೇನ್ರಿ?’ ಎಂದು ಕೇಳಿದ ಪ್ರಯಾಣಿಕನಿಗೆ, ರೀಚ್ ಎಂಬುದು ಸಕರ್ಮಕವೆಂದೂ ಅರೈವ್ ಎಂಬುದು ಅಕರ್ಮಕವೆಂದೂ ಸೋದಾಹರಣವಾಗಿ ವಿವರಿಸಿ ಮುಗಿಸುವಷ್ಟರಲ್ಲಿ ಆ ಗಾಡಿ ಬಂದು ಹೋಗಿಯೂ ಇರುತ್ತದೆ. ಲಗ್ನಪತ್ರಿಕೆಯನ್ನು ಕೊಡಲು ಹೋದವರು ಅದನ್ನು ತಿದ್ದಿಸಿಕೊಂಡು ಮರಳುತ್ತಾರೆ.

ಇದು ಈ ಸೀಮೆಯ ಮಣ್ಣಿನ ಗುಣವಿದ್ದೀತು. ಯಾವ ಶಬ್ದದೊಡನೆ ಯಾವ ಶಬ್ದ ಕೂಡಬಹುದು, ಯಾವುದು ಕೂಡದು ಎಂದು ಕವಿಗಳಿಗೆ ವಿಧಿಸಿದ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ, ಆತನ ರಾಜಧಾನಿ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಉಳಿದ ಅಪರಾಧವು ರೋಜೆ ಎಂಬ ಆಂಗ್ಲ ವೈದ್ಯನದು: ಆ ಪುಣ್ಯಾತ್ಮನು 1852ರಲ್ಲಿ ಪರ್ಯಾಯಪದಗಳ ಕೋಶವನ್ನು ಪ್ರಕಟಿಸಿ, ವೈದ್ಯನಾಗಿದ್ದೂ ಒಂದು ಹೊಸ ರೋಗವನ್ನು ಲೋಕಕ್ಕೆ ಹಬ್ಬಿಸಿದನು.

ನಾನು ಕಂಡ ಮಾಸ್ತರರೊಡನೆ ಒಂದು ಶ್ರಾವಣದಲ್ಲಿ ಚಂದ್ರಂಪಳ್ಳಿಯ ಜಲಾಶಯಕ್ಕೆ ಹೋಗಿದ್ದೆವು. ಚಿಂಚೋಳಿಯ ಆ ಕಾಡು ವನ್ಯಜೀವಿಧಾಮವೆಂದು 2011ರಲ್ಲಿ ಘೋಷಿತವಾಗುವುದಕ್ಕೆ ಬಹು ಹಿಂದಿನ ಮಾತು. ಹಸಿರು ಗುಡ್ಡಗಳ ನಡುವೆ ತುಂಬಿ ನಿಂತ ನೀರನ್ನು ಕಂಡು, ಜೊತೆಗಿದ್ದ ಪಟ್ಟಣದ ಹುಡುಗನೆದುರು ನನ್ನ ಪದವಿಯನ್ನು ಮೆರೆಯಿಸುವ ಚಪಲದಿಂದ, ‘ಸೀ ದಿ ವಾಟರ್!’ ಎಂದು ಉದ್ಗರಿಸಿದೆನು. ಬಿಚ್ಚುತ್ತಿದ್ದ ಬುತ್ತಿಯನ್ನು ಮಾಸ್ತರರು ಅರ್ಧಕ್ಕೇ ಬಿಟ್ಟರು.

‘ಸೀ ಅಂದ್ರ ತಾನಾಗೇ ಕಣ್ಣಿಗೆ ಬೀಳೂದ್ರಿ. ಲುಕ್ ಅಂದ್ರ ಬೇಕಂತ ಹೊಳ್ಳಿ ನೋಡೂದು. ವಾಚ್ ಅಂದ್ರ ಈಗೇನ್ ಆಗ್ತದ, ಇನ್ನೇನ್ ಆಗ್ತದಂತ ಕಾಯ್ಕೋತ ನೋಡೂದು. ನೀರು ಸುಮ್ಮ ನಿಂತದ, ಅದನ್ನೇನು ವಾಚ್ ಮಾಡ್ತೀರಿ?’

ಗೇಜ್, ಸ್ಟೇರ್, ಗ್ಲಾನ್ಸ್, ಪೀರ್ ಎಂದು ಅಕ್ಕಸಾಲಿಗನು ಗುಲಗಂಜಿಯಿಂದ ಚಿನ್ನವನ್ನು ತೂಗುವಂತೆ ಒಂದೊಂದನ್ನೇ ತೂಗುತ್ತ ಅವರು ಬಿಹೋಲ್ಡ್‌ವರೆಗೆ ಬಂದಿದ್ದರು. ಅಷ್ಟರಲ್ಲಿ ಹಿಂದಿನ ಗಿಡದಿಂದಿಳಿದ ಕೋತಿಯೊಂದು ಜೋಳದ ರೊಟ್ಟಿಯ ಗಂಟನ್ನು, ಶೇಂಗಾ ಹಿಂಡಿಯ ಡಬ್ಬಿಯ ಸಮೇತ, ಎತ್ತಿಕೊಂಡು ಹೋಯಿತು. ಮಾಸ್ತರರು ಕಿಂಚಿತ್ತೂ ವಿಚಲಿತರಾಗದೆ ಕೊಂಬೆಯತ್ತ ಬೆರಳು ತೋರಿಸಿ, ‘ಖರೇ ವಾಚ್ ಮಾಡಿದ್ದು ಈ ಮಂಗ್ಯಾ ನೋಡ್ರಿ’ ಎಂದರು. ಅಂದು ನಾವು ಉದಾಹರಣೆಗಳನ್ನೇ ಉಂಡು ಚಿಂಚೋಳಿಗೆ ಮರಳಿದೆವು.

ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು ಅವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು. ಇಂಗ್ಲಿಷು ಆ ಮೂರು ಬಾಗಿಲುಗಳನ್ನು ದಾಟಿಯೇ ಅವರ ಬಳಿಗೆ ಬರಬೇಕಾಗಿದ್ದಿತು. ಆಕ್ಸ್‌ಫರ್ಡ್ ಮಹಾಕೋಶದ 1989ರ ಆವೃತ್ತಿಯು ಸೆಟ್ ಎಂಬ ಒಂದೇ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳನ್ನು ಕೊಟ್ಟಿದೆಯೆಂದು ಕೇಳಿದಾಗ ಅವರ ಮುಖವು ಹೊಲಕ್ಕೆ ಮಳೆಯಾದ ರೈತನದಾಯಿತು. ಇಷ್ಟೊಂದು ಶಬ್ದಗಳನ್ನು ಕೂಡಿಟ್ಟವರಿಗೆ, ಅವುಗಳನ್ನು ಆಡಿ ತೋರಿಸಲು ಇಂಗ್ಲಿಷ್ ಬಲ್ಲ ಅತಿಥಿಯೊಬ್ಬನೂ ಆಯುಷ್ಯದಲ್ಲಿ ದೊರೆಯಲಿಲ್ಲ, ದೊರೆತವರು ನಾವು.

ಆದರೂ ಅರ್ಜಿ ಬರೆಯಿಸಲು ಬಡವರು ಅವರ ಕಟ್ಟೆಗೇ ಬರುತ್ತಿದ್ದರು. ಏಕೆಂದರೆ ಅವರು ಕಾಸು ಮುಟ್ಟುತ್ತಿರಲಿಲ್ಲ. ಶಹಾಬಾದದ ಕಲ್ಲುಗಣಿಯಲ್ಲಿ ಗಂಡನನ್ನು ಕಳೆದುಕೊಂಡ ಮುದುಕಿಯೊಬ್ಬಳು ಮಾಸಾಶನಕ್ಕಾಗಿ ಬಂದಾಗ, ಬೇರಾರೋ ಬರೆದುಕೊಟ್ಟಿದ್ದ ಕಾಗದದಲ್ಲಿ ‘ಐ ಬೆಗ್ ಟು ಸ್ಟೇಟ್’ ಎಂದಿದ್ದುದನ್ನು ಕಂಡು ಮಾಸ್ತರರು ಕೆಂಡವಾದರು. ‘ಈಕಿ ಯಾಕ ಬೆಗ್ ಮಾಡ್ಬೇಕ್ರಿ? ಕ್ಲೇಮ್ ಮಾಡ್ತಾಳ!’ ಎಂದು ಆ ಪದವನ್ನು ಕಾಗದ ಹರಿಯುವಂತೆ ಗೀಚಿ ಹೊಸದಾಗಿ ಬರೆದುಕೊಟ್ಟರು. ಅಂದು ಮಾತ್ರ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ.

ಅರ್ಜಿಯು ಕನ್ನಡದಲ್ಲಿರಬೇಕೆಂದು ಕಚೇರಿಯಿಂದ ಮರಳಿ ಬಂದಿತು. ಮಾಸ್ತರರು ಹೊಸ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಕೇಳು, ಕೋರು, ಬೇಡು, ಬಿನ್ನವಿಸು ಎಂದು ಬೆರಳು ಮಡಚತೊಡಗಿದರು.

‘ಹೆಬ್ಬಟ್ಟ ಎಲ್ಲಿ ಒತ್ತಬೇಕು, ಅಷ್ಟು ಹೇಳೋ ಯಪ್ಪಾ,’ ಎಂದಳು ಮುದುಕಿ.