ತಾರ್ನಾಕದಲ್ಲಿ ದೈವಪಂಡಿತರಾಗುವ ವಿಧಾನ

ನೀವು ಕೋಲಾರದವರು. ಘಟ್ಟ ಇಳಿದದ್ದು ಒಂದೇ ಸಲ, ಧರ್ಮಸ್ಥಳಕ್ಕೆ, ಅದೂ ರಾತ್ರಿ ಬಸ್ಸಿನಲ್ಲಿ ಗೊರಕೆ ಹೊಡೆಯುತ್ತ. ಚಿಂತೆ ಬೇಡ. ಹೈದರಾಬಾದಿನ ತಾರ್ನಾಕದ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಬರುವವರು ನೀವೊಬ್ಬರೇ ತಾನೆ? ಹಾಗಾದರೆ 'ಕಾಂತಾರ' ಸಿನಿಮಾದ ಸಕಲ ಹಕ್ಕುಗಳೂ ನಿಮ್ಮವೇ.

ಮೊದಲು ತಾರೀಖು ಬಾಯಿಪಾಠ ಮಾಡಿ. ಕನ್ನಡದ್ದು ತೆರೆಕಂಡದ್ದು 2022ರ ಸೆಪ್ಟೆಂಬರ್ 30ಕ್ಕೆ, ತೆಲುಗಿನದು ಅಕ್ಟೋಬರ್ 15ಕ್ಕೆ. ಈ ಹದಿನೈದು ದಿನಗಳ ಹಿರಿತನವನ್ನು ಸಾಯುವತನಕ ಬಿಟ್ಟುಕೊಡಬೇಡಿ. ಎದುರುಮನೆಯ ರಾವುಗಾರು "ಸಿನಿಮಾ ಬಾಗುಂದಂಡಿ" ಎಂದರೆ ನಿಟ್ಟುಸಿರು ಬಿಟ್ಟು, "ಡಬ್ಬಿಂಗಲ್ಲಿ ಅರ್ಧ ಹೋಗಿದೆ ಸಾರ್" ಎನ್ನಿ. ಯಾವ ಅರ್ಧ ಎಂದು ಕೇಳಿದರೆ ಇನ್ನೊಂದು ನಿಟ್ಟುಸಿರು ಬಿಡಿ.

ಅವರನ್ನು ಮನೆಗೆ ಕರೆದು ಟಿವಿಯಲ್ಲಿ ಕನ್ನಡದ್ದನ್ನೇ ಹಾಕಿ. ನಾಯಕ ಶಿವ ಮತ್ತವನ ಪಟಾಲಂ ಊರೆಲ್ಲ ತಂಟೆ ಮಾಡಿಕೊಂಡು ತಿರುಗುವಾಗ ಅವರಿಗೆ ತಾನಾಗಿ ನಗು ಬಂದೀತು; ತಕ್ಷಣ ಪಾಸ್ ಒತ್ತಿ. ಕುಂದಾಪ್ರ ಕನ್ನಡದ ಮಾತನ್ನು ಮೊದಲು ಕೋಲಾರದ ಕನ್ನಡಕ್ಕೆ, ಆಮೇಲೆ ತೆಲುಗಿಗೆ ತನ್ನಿ. ಅಷ್ಟರಲ್ಲಿ ನಗು ಸತ್ತಿರುತ್ತದೆ, ಗೌರವ ಉಳಿದಿರುತ್ತದೆ.

ಇನ್ನು ಪಾಂಡಿತ್ಯ. ಪಂಜುರ್ಲಿ ಎಂದರೆ ಹಂದಿ, ಗುಳಿಗ ಎಂದರೆ ಸಿಟ್ಟು, ಇಷ್ಟು ಸಾಕು. ಗಗ್ಗರ, ಅಣಿ, ಪಾಡ್ದನ ಎಂಬ ಪದಗಳನ್ನು ಅರ್ಥ ತಿಳಿದುಕೊಳ್ಳದೆ ಬಳಸಿ, ತೂಕ ಹೆಚ್ಚು. ದೈವ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು ಎಂಬ ವಿಷಯಕ್ಕೆ ಮಾತ್ರ ಹೋಗಬೇಡಿ. ಮಾತು ಜಾತಿಯ ಕಡೆ ಹೊರಳಿ ಮಿರ್ಚಿ ಬಜ್ಜಿ ಆರಿಹೋಗುತ್ತದೆ. "ನಮ್ಮ ಸಂಸ್ಕೃತಿ" ಎಂದು ಮುಗಿಸಿ.

ನಿಜವಾದ ದೈವಕೋಲ ತೋರಿಸಿ ಎಂದು ಯಾರಾದರೂ ಗಂಟುಬಿದ್ದರೆ ಜುಲೈಗೆ ಟಿಕೆಟ್ ಮಾಡಿಸಲು ಹೇಳಿ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಮುಗಿದರೆ ಮಳೆಗಾಲ ಪೂರ್ತಿ ಕೋಲಗಳಿಲ್ಲ. ಟಿಕೆಟ್ ರದ್ದಾದ ಮೇಲೆ ದೈವದ ಇಚ್ಛೆ ಎನ್ನಿ.

ದೈವದಂತೆ ಕಿರುಚುವುದನ್ನು ಬಾತ್‌ರೂಮಿನಲ್ಲಿ ಅಭ್ಯಾಸ ಮಾಡಿ. 2025ರಲ್ಲಿ 'ಚಾಪ್ಟರ್ 1' ಬಂದಾಗ, ದೈವವನ್ನು ಅನುಕರಿಸಬೇಡಿ ಎಂದು ಚಿತ್ರ ತಯಾರಿಸಿದವರೇ ಪ್ರೇಕ್ಷಕರನ್ನು ಕೇಳಿಕೊಂಡರು. ಅದು ಬೇರೆಯವರಿಗೆ. ನೀವು ಕನ್ನಡದವರು.

ಅಪಾಯ ಬರುವುದು ರಾವುಗಾರು ಬಾಯಿ ತೆರೆದಾಗ. 1951ರ 'ಪಾತಾಳ ಭೈರವಿ'ಯನ್ನು ಎತ್ತಿದರೆ "ಅದು ಕಥೆ, ಇದು ನಂಬಿಕೆ" ಎಂದು ತಡೆಯಿರಿ. ಆದರೆ ಅವರು ಬೋನಾಲು ಹಬ್ಬದ ಕಡೆ ತಿರುಗುತ್ತಾರೆ: ಮೈತುಂಬ ಅರಿಶಿನ ಬಳಿದು, ಕಾಲಿಗೆ ಗೆಜ್ಜೆ ಕಟ್ಟಿ, ಚಾಟಿ ಬೀಸುತ್ತ ಕುಣಿಯುವ ಪೋತರಾಜು, ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿ ಗುಡಿಯಲ್ಲಿ ಮರುದಿನದ ರಂಗಂ, ಹಸಿ ಮಡಕೆಯ ಮೇಲೆ ನಿಂತು ಭವಿಷ್ಯ ನುಡಿಯುವ ಹೆಣ್ಣುಮಗಳು. ಇಲ್ಲಿಂದ ಹೋಗಿಬರಲು ಆಟೋ ಸಾಕು, ಬನ್ನಿ ಎಂದೂ ಕರೆಯುತ್ತಾರೆ. ಹೋಗಬೇಡಿ. ಎರಡೂ ಒಂದೇ ಥರ ಕಂಡುಬಿಟ್ಟರೆ ನಿಮ್ಮ ಹಿರಿತನದ ಗತಿಯೇನು? ರಂಗಂ ನಡೆಯುವ ಆಷಾಢದ ಆ ಸೋಮವಾರ ಕಡ್ಡಾಯವಾಗಿ ಜ್ವರ ಬರಿಸಿಕೊಳ್ಳಿ.

ಕೊನೆಗೆ ಅವರು ಮೆಲ್ಲಗೆ ಕೇಳುತ್ತಾರೆ: "ನಿಮ್ಮೂರ ಅಮ್ಮೋರು ಯಾರಂಡಿ?" ಕೋಲಾರಮ್ಮ ನೆನಪಾಗುತ್ತಾಳೆ, ಅವಳ ಗುಡಿಯಲ್ಲೇ ಇರುವ ಚೇಳಿನ ದೇವತೆ ಚೇಳಮ್ಮ, ಅಜ್ಜಿಯ ಸೊಂಟಕ್ಕೆ ಆತು ನೆಲದ ಹುಂಡಿಗೆ ನೀವು ಹಾಕಿದ ನಾಣ್ಯ, ಅದು ಕೆಳಗೆ ಬಿದ್ದ ಸದ್ದು. ಗಂಟಲಿಗೆ ಬಂದದ್ದನ್ನು ಬಜ್ಜಿಯ ಜೊತೆ ನುಂಗಿ. ಅವಳ ಮೇಲೆ ಇನ್ನೂ ಯಾರೂ ದೊಡ್ಡ ಸಿನಿಮಾ ಮಾಡಿಲ್ಲ.