ಭಾವನ ಲಾಗ್‌ಶೀಟು

ಹಾಸನದ ಅಕ್ಕನ ಮನೆಗೆ ಹೋದರೆ ಕಾಫಿಗಿಂತ ಮುಂಚೆ ಸಿಗುವುದು ಕಂಪ್ಯೂಟರಿನ ಆರೋಗ್ಯ ಸಮಾಚಾರ. "ಬೆಳಿಗ್ಗೆ ಆರಕ್ಕೆ ಮೆಮೊರಿ 61 ಪರ್ಸೆಂಟ್ ಇತ್ತು ಕಣಯ್ಯ, ಈಗ ನೋಡು, 74!" ಎಂದು ಭಾವ ಬಾಗಿಲಲ್ಲೇ ಹೇಳುತ್ತಾರೆ. ಮನೆಯಲ್ಲಿ ಕೂಸಿಗೆ ಜ್ವರ ಏರಿದಾಗಿನ ದನಿ. ಅಕ್ಕನ ಮಂಡಿನೋವಿನ ವಿಷಯ ಊಟದ ಹೊತ್ತಿಗೆ ಬರುತ್ತದೆ, ಅದೂ ಅಕ್ಕನೇ ಎತ್ತಿದರೆ.

ಭಾವ 32 ವರ್ಷ 66/11 ಕೆವಿ ಸಬ್‌ಸ್ಟೇಷನ್ನಿನಲ್ಲಿ ಆಪರೇಟರಾಗಿದ್ದವರು. ಗಂಟೆಗೊಮ್ಮೆ ಎದ್ದು ವೋಲ್ಟೇಜು, ಆಂಪ್ಸು, ಟ್ರಾನ್ಸ್‌ಫಾರ್ಮರಿನ ಎಣ್ಣೆ ಎಷ್ಟು ಕಾದಿದೆ ಎಂದು ನೋಡಿ ಲಾಗ್‌ಶೀಟು ತುಂಬುವುದು ಅವರ ಕೆಲಸ. ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟವರು ಮೀಟರುಗಳನ್ನು ಮಾತ್ರ ಅಲ್ಲೇ ಇಟ್ಟುಕೊಂಡರು. ಆರು ತಿಂಗಳು ಭಾವ ಮಂಕಾಗಿದ್ದರು. ನೀರಿನ ಟ್ಯಾಂಕಿಗೆ ಕೋಲಿಳಿಸಿ ಅಳೆಯುವುದು, ಫ್ರಿಜ್ಜಿನೊಳಗೆ ಕೈಯಿಟ್ಟು ನೋಡುವುದು ಇಂಥ ಚಿಲ್ಲರೆ ಚಟಗಳಲ್ಲಿ ದಿನ ದೂಡಿದರು. ಆಮೇಲೆ ಮಗಳು ಬೆಂಗಳೂರಿನಿಂದ ತನ್ನ ಹಳೆಯ ಕಂಪ್ಯೂಟರು ತಂದಿಟ್ಟು, "ಸ್ಲೋ ಆದ್ರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಅಪ್ಪಾ" ಎಂದು ಹೇಳಿಹೋದಳು. ಶಿಫ್ಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಭಾವ ಮತ್ತೆ ಡ್ಯೂಟಿಗೆ ಹಾಜರಾದರು.

ಆ ಮೂರು ಕೀಲಿ ಒತ್ತಿದರೆ ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರನ್ನು ಡೇವ್ ಪ್ಲಮರ್ ಎಂಬ ಮೈಕ್ರೋಸಾಫ್ಟ್ ಎಂಜಿನಿಯರು ಮನೆಯಲ್ಲಿ ಕೂತು ಬರೆದದ್ದು, 1996ರ ವಿಂಡೋಸ್ ಎನ್‌ಟಿ 4.0 ಜೊತೆ ಅದು ಹೊರಬಂದದ್ದು. ಇದನ್ನು ಹೇಳುವಾಗ ಭಾವನ ಮುಖದಲ್ಲಿ ಭಕ್ತಿ ಮೂಡುತ್ತದೆ. ಮನೆಯಲ್ಲಿ ಕೂತೂ ಸರ್ವಿಸ್ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಆಧಾರ ಬೇಕೆ? ಅವರು ಅದರ ವೇಗವನ್ನು 'ಹೈ'ಗೆ ಇಟ್ಟಿದ್ದಾರೆ. ಅರ್ಧ ಸೆಕೆಂಡಿಗೊಮ್ಮೆ ಅಂಕಿ ಬದಲಾಗುತ್ತದೆ. ಪಕ್ಕದಲ್ಲಿ 200 ಪುಟದ ನೋಟ್‌ಬುಕ್ಕು, ಸ್ಕೇಲಿನಲ್ಲಿ ಎಳೆದ ಕಾಲಂಗಳು: ಗಂಟೆ, ಸಿಪಿಯು, ಮೆಮೊರಿ, ಡಿಸ್ಕ್, ಷರಾ, ಸಹಿ. ಆ ಕಂಪ್ಯೂಟರಿನಲ್ಲಿ ಬೇರೇನು ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ. "ಬೇರೆ ಏನ್ ಮಾಡಕ್ಕೆ ಹೋದ್ರೂ ರೀಡಿಂಗ್ ಏರುತ್ತೆ" ಎಂದರು. ಟಾಸ್ಕ್ ಮ್ಯಾನೇಜರೂ ಸ್ವಲ್ಪ ಸಿಪಿಯು ತಿನ್ನುತ್ತದಲ್ಲ ಎಂದೆ. "ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರ ಊಟದ ಖರ್ಚು, ಬಿಡು" ಎಂದು ಮನ್ನಾ ಮಾಡಿದರು.

ಮೊದಲ ವಾರ ರಾತ್ರಿ ಹನ್ನೊಂದಕ್ಕೆ ಫೋನು. "ಯಾವನೋ ಸಿಸ್ಟಂ ಐಡಲ್ ಅನ್ನೋನು 98 ಪರ್ಸೆಂಟ್ ನುಂಗ್ತಿದಾನೆ! ಎಂಡ್ ಟಾಸ್ಕ್ ಒತ್ತಿದ್ರೆ ಆಗಲ್ಲ ಅನ್ನುತ್ತೆ." ಪ್ರೊಸೆಸರಿಗೆ ಕೆಲಸವಿಲ್ಲದ ಹೊತ್ತನ್ನು ಆ ಹೆಸರಿಗೆ ಖರ್ಚು ಹಾಕುತ್ತಾರೆ, ಅದು ಖಾಲಿ ಇರುವುದರ ಲೆಕ್ಕ ಎಂದು ವಿವರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ನಿಧಾನವಾಗಿ, "ಅಂದ್ರೆ ಕೆಲಸ ಮಾಡಲ್ಲ, ತೆಗೆಯಕ್ಕೂ ಆಗಲ್ಲ, ನಂಬರ್ ನೋಡಿದ್ರೆ ಸೊನ್ನೆ, ಸೀನಿಯಾರಿಟೀಲಿ ಎಲ್ಲರಿಗಿಂತ ಮೇಲೆ. ನಮ್ಮ ಡಿವಿಜನ್ ಆಫೀಸಲ್ಲೂ ಒಬ್ರಿದ್ರು" ಎಂದರು. ಅದರ ಮೇಲೆ ಮತ್ತೆ ದೂರು ಬರಲಿಲ್ಲ.

ಮೆಮೊರಿಯ ವಿಷಯ ಅಷ್ಟು ಸಲೀಸಾಗಿ ಬಗೆಹರಿಯಲಿಲ್ಲ. ಇದ್ದದ್ದು 4 ಜಿಬಿ. ಅದು ತುಂಬುತ್ತಾ ಬಂದರೆ ಭಾವನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲಿಂದಲೋ ಒಂದು 'ರ‍್ಯಾಮ್ ಕ್ಲೀನರ್' ಇಳಿಸಿಕೊಂಡು ಗಂಟೆಗೊಮ್ಮೆ ಗುಡಿಸತೊಡಗಿದರು. ಅಂಕಿ ಇಳಿಯಿತು, ಕಂಪ್ಯೂಟರು ಆಮೆಯಾಯಿತು. ಮಗಳು ಕ್ಯಾಶ್, ಪೇಜ್ ಫೈಲ್ ಎಂದು ಅರ್ಧ ಗಂಟೆ ಪಾಠ ಹೇಳಿದಳು. ಭಾವನ ತಲೆಗೆ ಅದು ಇಳಿದದ್ದು ಅಕ್ಕ ಒಗ್ಗರಣೆ ಸೌಟು ಹಿಡಿದು ಹೊರಗೆ ಬಂದಾಗ. "ಅಲ್ಲ ರೀ, ಸಾಸಿವೆ ಡಬ್ಬಿ, ಉಪ್ಪು, ಹುಳಿ ಎಲ್ಲ ಕೈಗೆ ಸಿಗಲಿ ಅಂತ ಕಟ್ಟೆ ಮೇಲೆ ಇಟ್ಟಿರ್ತೀನಿ. ನೀವು ಬಂದು ಕಟ್ಟೆ ಖಾಲಿ ಕಾಣಲಿ ಅಂತ ಎಲ್ಲಾನೂ ಅಟ್ಟಕ್ಕೆ ಹಾಕಿದ್ರೆ, ಪ್ರತಿ ಒಗ್ಗರಣೆಗೂ ನಾನು ಏಣಿ ಹತ್ತಬೇಕಾ? ಖಾಲಿ ಕಟ್ಟೆ ಇಟ್ಕೊಂಡು ಪೂಜೆ ಮಾಡಬೇಕಾ?" ಕಂಪ್ಯೂಟರಿನ ಕೀಲಿ ಒಮ್ಮೆಯೂ ಒತ್ತದ ಅಕ್ಕ ಹೇಳಿದ್ದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ಕ್ಲೀನರು ಅಂದೇ ಹೊರಹೋಯಿತು.

ನಡುವೆ ಒಂದು ದಿನ ಎಕ್ಸ್‌ಪ್ಲೋರರ್ ಎಂಬುವನ ಮೇಲೆ ಅನುಮಾನ ಬಂದು ಭಾವ ಅವನನ್ನೂ ಮುಗಿಸಿದರು. ಟಾಸ್ಕ್‌ಬಾರು, ಐಕಾನು ಎಲ್ಲ ಒಟ್ಟಿಗೆ ಮಾಯ. "ಫೀಡರ್ ಟ್ರಿಪ್ ಆಗಿದೆ" ಎಂದು ಮಗಳಿಗೆ ಫೋನು ಹೋಯಿತು.

ಯುಗಾದಿಗೆ ಬಂದ ಮಗಳು ಮೆಮೊರಿಯನ್ನು 8 ಜಿಬಿ ಮಾಡಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದಳು. ಗ್ರಾಫು ನೆಲ ಹಿಡಿದು ಮಲಗಿತು. ಭಾವನಿಗೆ ಊಟ ಸೇರದಾಯಿತು. ಲೋಡೇ ಇಲ್ಲದ ಟ್ರಾನ್ಸ್‌ಫಾರ್ಮರನ್ನು ಎಷ್ಟು ಹೊತ್ತು ಕಾಯುವುದು? ಕೊನೆಗೆ ಕ್ರೋಮಿನಲ್ಲಿ ನಲವತ್ತು ಟ್ಯಾಬು ತೆರೆದಿಟ್ಟು, "ಈಗ ಸರಿಯಾಯ್ತು, ಸಂಜೆ ಪಂಪ್‌ಸೆಟ್ ಬಿಟ್ಟ ಹಾಗಿದೆ" ಎಂದರು. ಮಗಳು ನನ್ನ ಕಿವಿಯಲ್ಲಿ, "ಮಾವ, ನಮ್ಮ ಕಂಪನೀಲೂ ಹೀಗೇ ಸರ್ವರ್ ಗ್ರಾಫ್ ನೋಡ್ತಾ ಕೂತಿರ್ತಾರೆ. ಅವರಿಗೆ ನೈಟ್ ಶಿಫ್ಟ್ ಅಲೋವೆನ್ಸ್ ಬೇರೆ" ಎಂದಳು. ಭಾವನಿಗೆ ಇದನ್ನು ಹೇಳಲಿಲ್ಲ, ಅರಿಯರ್ಸ್ ಕೇಳಿಯಾರು.

ಕಳೆದ ತಿಂಗಳು ಅಕ್ಕ, ಭಾವ ಧರ್ಮಸ್ಥಳಕ್ಕೆ ಹೊರಟಾಗ ಮನೆ ಕಾಯಲು ನಾನು ಹೋದೆ. ಅಕ್ಕ ಹಾಲಿನ ಲೆಕ್ಕ ಹೇಳಿದಳು. ಭಾವ ನೋಟ್‌ಬುಕ್ಕು ಕೈಗಿಟ್ಟು, ಚಾರ್ಜ್ ವಹಿಸಿಕೊಂಡಿದ್ದೇನೆ ಎಂದು ಬರೆಸಿ ಸಹಿ ಹಾಕಿಸಿಕೊಂಡರು. ನಾನು ಮಧ್ಯಾಹ್ನವೆಲ್ಲ ಮಲಗಿದೆ, ಸಂಜೆ ಟಿವಿ ನೋಡಿದೆ. ರಾತ್ರಿ ಒಂಬತ್ತೂವರೆಗೆ ಕರೆಂಟು ಹೋಯಿತು. ಮೇಣದಬತ್ತಿ ಸಿಗುವ ಮೊದಲೇ ಫೋನು ಬಂತು.

"ಲೈನ್‌ಮನ್ ಹೇಳಿದ. ಬರ್ಕೊಂಡ್ಯಾ?"

"ಏನಂತ ಬರೀಲಿ ಭಾವ?"

"ಸಪ್ಲೈ ಫೇಲ್. ಸಿಪಿಯು ಸೊನ್ನೆ, ಮೆಮೊರಿ ಸೊನ್ನೆ. ಸಹಿ ಹಾಕು."

ಮೊಬೈಲ್ ಬೆಳಕಿನಲ್ಲಿ ಬರೆದೆ. ಅದರ ಮೇಲೆ ಎರಡರಿಂದ ಒಂಬತ್ತರವರೆಗಿನ ಎಂಟು ಸಾಲು ಖಾಲಿ ಇದ್ದವು. ಅಂದಾಜಿನಲ್ಲಿ ತುಂಬಿದೆ: 5, 6, 5, 7...

ಮೂರನೆಯ ದಿನ ಭಾವ ಬಂದವರು ಪ್ರಸಾದದ ಪೊಟ್ಟಣ ಬಿಚ್ಚುವ ಮೊದಲು ನೋಟ್‌ಬುಕ್ಕು ಬಿಚ್ಚಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. "ನಾಲ್ಕು ಗಂಟೆಗೆ ಸಿಪಿಯು 5? ನಾಲ್ಕಕ್ಕೆ ಆಂಟಿವೈರಸ್ ಸ್ಕ್ಯಾನ್ ಇರುತ್ತಲ್ಲಯ್ಯಾ!"

ಕೆಂಪು ಪೆನ್ನು ತೆಗೆದು, ಷರಾ ಕಾಲಮ್ಮಿನಲ್ಲಿ ನನ್ನ ಹೆಸರಿಗೆ ಕಾರಣ ಕೇಳಿ ನೋಟಿಸು ಬರೆದರು.