ಸ್ವಂತ ವಾಕ್ಯದಲ್ಲಿ ಬಳಸಿ: ‘ಫ್ಲೈ ದ ಕೂಪ್’ ಪ್ರಯೋಗ ಮೀಮಾಂಸೆ

ನುಡಿಗಟ್ಟೊಂದನ್ನು ಕೊಟ್ಟು ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂದು ಕೇಳುವುದು ಪ್ರಶ್ನೆಪತ್ರಿಕೆಗಳ ಸನಾತನ ಧರ್ಮ. ‘ಫ್ಲೈ ದ ಕೂಪ್’ ಎಂಬುದಕ್ಕೆ ವಾಚ್ಯಾರ್ಥ, ಕೋಳಿಗೂಡು ಬಿಟ್ಟು ಹಾರುವುದು. ಲಕ್ಷ್ಯಾರ್ಥ, ಸೆರೆಮನೆಯಿಂದಲೋ ಅಪ್ಪನ ಮನೆಯಿಂದಲೋ ಹೇಳದೆ ಕೇಳದೆ ಜಾಗ ಖಾಲಿ ಮಾಡುವುದು. ವಿದ್ಯಾರ್ಥಿ ‘ದ ಹೆನ್ ಫ್ಲೂ ದ ಕೂಪ್’ ಎಂದು ಬರೆದು, ಅಂಕ ಗಿಟ್ಟಿಸಿ, ತಾನೂ ಪಾರಾಗುತ್ತಾನೆ. ಈ ವಾಕ್ಯದಲ್ಲಿ ಮೂರು ದೋಷಗಳಿವೆ. ಕೋಳಿ ಬೇಲಿ ಹಾರೀತೇ ಹೊರತು ಊರು ದಾಟಿ ಹಾರದು ಎಂಬುದು ಒಂದು. ಹಾರಿದ್ದನ್ನು ನೋಡಿ ಹೇಳುತ್ತಿರುವವರು ಯಾರು ಎಂಬುದೇ ತಿಳಿಯದು, ಇದು ಎರಡು. ಮೂರನೆಯದನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ.

ಎರಡನೆಯ ದೋಷವೇ ಈ ಪ್ರಬಂಧದ ಜೀವಾಳ. ಪ್ರಸ್ತುತ ಲೇಖಕರು ಬಹುಕಾಲ ಚಿಂತಿಸಿ ರಚಿಸಿದ ಸೂತ್ರ ಇದು: ‘ಉತ್ತಮ ಪುರುಷನಿಗೆ ಸಲ್ಲದು.’ ವೃತ್ತಿ: ‘ನಾನು ಗೂಡು ಬಿಟ್ಟು ಹಾರುತ್ತಿದ್ದೇನೆ’ ಎಂದು ವರ್ತಮಾನ ಕಾಲದಲ್ಲಿ ನುಡಿದವನು ಹಾರುವುದಿಲ್ಲ, ನುಡಿದ ಮರುಕ್ಷಣ ಅವನ ಕೋಣೆಗೆ ಇನ್ನೊಂದು ಬೀಗ ಬೀಳುತ್ತದೆ. ಭೂತಕಾಲ, ಪ್ರಥಮ ಪುರುಷ, ಇವೆರಡೇ ಇದಕ್ಕೆ ಹೊಂದುವುದು. ಅಂದರೆ ಬಿಡುಗಡೆಯನ್ನು ಕುರಿತ ಈ ನುಡಿಗಟ್ಟು ಬಿಡುಗಡೆಗೊಂಡವನದ್ದಲ್ಲ, ಖಾಲಿ ಗೂಡಿನ ಮುಂದೆ ಬೀಗದ ಕೈ ಹಿಡಿದು ನಿಂತ ಕಾವಲುಗಾರನದ್ದು.

ಉದಾಹರಣೆ. 1973ರ ಅಕ್ಟೋಬರ್ 31ರಂದು ಡಬ್ಲಿನ್ನಿನ ಮೌಂಟ್‌ಜಾಯ್ ಜೈಲಿನ ಅಂಗಳಕ್ಕೆ ಹೆಲಿಕಾಪ್ಟರ್ ಒಂದು ಇಳಿಯಿತು. ಐರಿಷ್ ರಿಪಬ್ಲಿಕನ್ ಆರ್ಮಿಯ ಮೂವರು ಕೈದಿಗಳು ಹತ್ತಿ ಕುಳಿತರು, ಅದು ಮೇಲೆದ್ದಿತು. ರಕ್ಷಣಾ ಸಚಿವರು ತಪಾಸಣೆಗೆ ಬಂದಿದ್ದಾರೆಂದು ಕಾವಲಿನವರು ಮೊದಲು ಭಾವಿಸಿದ್ದರಂತೆ. ವಿಷಯ ಹೊಳೆದ ಮೇಲೆ ಒಬ್ಬರು ‘ಗೇಟು ಮುಚ್ಚಿ’ ಎಂದು ಕೂಗಿದರಂತೆ. ಗೇಟು ಮುಚ್ಚಲು ಹೇಳಿದ್ದು ವ್ಯಾಕರಣಶುದ್ಧವಾಗಿತ್ತು, ವಿಧ್ಯರ್ಥಕ ಕ್ರಿಯಾಪದ ಸರಿಯಾಗಿತ್ತು. ಹೆಲಿಕಾಪ್ಟರು ಗೇಟಿನ ಮೂಲಕ ಹೋಗುತ್ತಿರಲಿಲ್ಲ ಎಂಬುದಷ್ಟೇ ಕೊರತೆ. ವಾಚ್ಯಾರ್ಥವೂ ಲಕ್ಷ್ಯಾರ್ಥವೂ ಒಂದೇ ಅಂಗಳದಲ್ಲಿ ಕೂಡಿದ ಇಂಥ ಪ್ರಸಂಗ ಅಲಂಕಾರಶಾಸ್ತ್ರಕ್ಕೆ ಅಪರೂಪ. ಮೂವರೂ ಮುಂದೆ ಬೇರೆ ಬೇರೆ ಕಾಲಕ್ಕೆ ಮತ್ತೆ ಸಿಕ್ಕಿಬಿದ್ದರು. ಅದರಿಂದ ನಮ್ಮ ವಾಕ್ಯಕ್ಕೇನೂ ಬಾಧಕವಿಲ್ಲ, ಹಾರಿದವನು ಎಷ್ಟು ದಿನ ಹಾರುತ್ತಲೇ ಇರಬೇಕೆಂದು ನುಡಿಗಟ್ಟು ನಿಗದಿ ಮಾಡಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಕನ್ನಡಕ್ಕೇನು ಬರವೇ? ಕಾಲಿಗೆ ಬುದ್ಧಿ ಹೇಳಿದ, ಓಟ ಕಿತ್ತ, ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿಯಾದ ಎಂದೆಲ್ಲ ನಮ್ಮ ಪತ್ರಿಕೆಗಳು ದಿನವೂ ಬರೆಯುತ್ತವಲ್ಲ? ಸಮಾಧಾನ: ಇವೂ ನಮ್ಮ ಸೂತ್ರಕ್ಕೇ ಒದಗಿಬರುತ್ತವೆ. ‘ಪೊಲೀಸರಿಗೆ’ ಎಂಬ ಚತುರ್ಥೀ ವಿಭಕ್ತಿಯನ್ನು ಗಮನಿಸಿ. ಇಂಗ್ಲಿಷಿನ ಕಾವಲುಗಾರ ವಾಕ್ಯವನ್ನು ಹೇಳುತ್ತಾನೆ, ನಮ್ಮವನು ವಾಕ್ಯದೊಳಗೇ ಕುಳಿತು ಹಣ್ಣು ತಿನ್ನುತ್ತಾನೆ. ಆ ಹಣ್ಣಿನ ತಿರುಳು ಅಂಟು, ಬಾಯಿಗೆ ಬಿದ್ದರೆ ಸೀಟಿ ಊದುವುದು ಕಷ್ಟ. ಈ ಕುರಿತು ಪ್ರತ್ಯೇಕ ಗ್ರಂಥವೇ ಆಗಬೇಕು.

ಅಮೆರಿಕದ ಅಲ್ಕಟ್ರಾಜ್ ಜೈಲಿನ ಪ್ರಕರಣ ಮಾತ್ರ ಇಂಗ್ಲಿಷ್ ವ್ಯಾಕರಣದ ಕೈಗೆ ಸಿಗದು. ಕಡಲಹಕ್ಕಿಗಳಿಂದ ಹೆಸರು ಪಡೆದ ದ್ವೀಪ ಅದು. ‘ಅಲ್ಕಟ್ರಾಜ್‌ನ ಹಕ್ಕಿಮನುಷ್ಯ’ ಎಂದೇ ಹೆಸರಾದ ರಾಬರ್ಟ್ ಸ್ಟ್ರೌಡ್ ಅಲ್ಲಿ ಒಂದೇ ಒಂದು ಹಕ್ಕಿಯನ್ನೂ ಸಾಕಲಿಲ್ಲ. ಸಾಕಿದ್ದು ಅದಕ್ಕೆ ಮೊದಲು ಇದ್ದ ಲೆವೆನ್‌ವರ್ತ್ ಜೈಲಿನಲ್ಲಿ. 1962ರ ಜೂನ್ 11ರ ರಾತ್ರಿ ಫ್ರ್ಯಾಂಕ್ ಮಾರಿಸ್ ಮತ್ತು ಆಂಗ್ಲಿನ್ ಸಹೋದರರಿಬ್ಬರು ಹಾಸಿಗೆಯ ಮೇಲೆ ನಿಜವಾದ ಕೂದಲಂಟಿಸಿದ ಬೊಂಬೆತಲೆಗಳನ್ನು ಮಲಗಿಸಿ, 50ಕ್ಕೂ ಹೆಚ್ಚು ರೇನ್‌ಕೋಟುಗಳಿಂದ ಮಾಡಿದ ತೆಪ್ಪದಲ್ಲಿ ಕೊಲ್ಲಿಗೆ ಇಳಿದರು. ಕಾವಲುಗಾರರು ರಾತ್ರಿಯಿಡೀ ಬೊಂಬೆಗಳನ್ನೇ ಎಣಿಸಿ ಲೆಕ್ಕ ಸರಿಯಾಗಿದೆ ಎಂದುಕೊಂಡರು. ಆಮೇಲೆ ಆ ಮೂವರು ಏನಾದರೋ ಯಾರಿಗೂ ತಿಳಿಯದು. ಎಫ್‌ಬಿಐ 1979ರ ಡಿಸೆಂಬರ್ 31ರಂದು ಕಡತ ಮುಚ್ಚಿತು, ಪರಾರಿಯಾದವರನ್ನು ಹುಡುಕುವ ಮಾರ್ಷಲ್ಸ್ ಸೇವೆ ತೆರೆದೇ ಇಟ್ಟಿತು. ಇಲ್ಲಿ ‘ಫ್ಲೂ’ ಎಂದರೆ ಬದುಕಿದರು ಎಂದಾಗುತ್ತದೆ, ಅದು ಸುಳ್ಳಾಗಬಹುದು. ಸುಮ್ಮನಿದ್ದರೆ ಉತ್ತರಪತ್ರಿಕೆ ಖಾಲಿ. ಕನ್ನಡಕ್ಕಾದರೆ ಸಂಭಾವನಾರ್ಥಕವೆಂಬ ಭಾಗ್ಯವಿದೆ: ‘ಹಾರಿಯಾರು.’ ಎರಡು ಇಲಾಖೆಗಳು ದಶಕಗಟ್ಟಲೆ ಕಡತ ಹೊತ್ತು ಹೇಳಿದ್ದನ್ನು ನಮ್ಮ ಒಂದು ಪ್ರತ್ಯಯ ಹೇಳಿ ಮುಗಿಸುತ್ತದೆ.

ಉಳಿದದ್ದು ನಿಷೇಧಾರ್ಥಕ, ಅಂದರೆ ಹಾರದೇ ಉಳಿದ ಹುಂಜ. ಎರಡನೇ ಮಹಾಯುದ್ಧದಲ್ಲಿ ಜರ್ಮನರು, ಬೇರೆ ಶಿಬಿರಗಳಿಂದ ತಪ್ಪಿಸಿಕೊಂಡು ಸಿಕ್ಕಿಬಿದ್ದ ಅಧಿಕಾರಿಗಳನ್ನು ಸ್ಯಾಕ್ಸನಿಯ ಕೋಲ್ಡಿಟ್ಜ್ ಕೋಟೆಗೆ ತಂದು ಕೂಡಿದರು. ಪಲಾಯನಶಾಸ್ತ್ರಕ್ಕೆ ವಸತಿಸಹಿತ ವಿಶ್ವವಿದ್ಯಾಲಯವೊಂದನ್ನು ಸರ್ಕಾರಿ ಖರ್ಚಿನಲ್ಲಿ ತೆರೆದಂತಾಯಿತು. ಅಲ್ಲಿನ ಬಿಲ್ ಗೋಲ್ಡ್‌ಫಿಂಚ್, ಜ್ಯಾಕ್ ಬೆಸ್ಟ್ ಮುಂತಾದ ಬ್ರಿಟಿಷ್ ಸೆರೆಯಾಳುಗಳು ಪ್ರಾರ್ಥನಾಮಂದಿರದ ಮೇಲಿನ ಅಟ್ಟದಲ್ಲಿ ಸುಳ್ಳುಗೋಡೆ ಎಬ್ಬಿಸಿ, ಅದರ ಹಿಂದೆ ಇಬ್ಬರು ಕೂರುವ ಗ್ಲೈಡರ್ ಕಟ್ಟತೊಡಗಿದರು. ವಿಮಾನ ವಿನ್ಯಾಸದ ಪುಸ್ತಕ ಜೈಲಿನ ಗ್ರಂಥಾಲಯದಲ್ಲೇ ಸಿಕ್ಕಿತು. ಮಂಚದ ಹಲಗೆ ಎಲುಬಾಯಿತು, ವಿದ್ಯುತ್ ತಂತಿ ನರವಾಯಿತು, ಚೌಕಳಿ ಹಾಸಿಗೆ ಬಟ್ಟೆ ಚರ್ಮವಾಯಿತು. ಬಟ್ಟೆ ಬಿಗಿಯಲೆಂದು ಪಡಿತರದ ಕಿರುಧಾನ್ಯ ಬೇಯಿಸಿ ಗಂಜಿ ಹಾಕಿದರು. ಕಾಂಕ್ರೀಟು ತುಂಬಿದ ಸ್ನಾನದ ತೊಟ್ಟಿಯನ್ನು ಮೇಲಿನಿಂದ ಕೆಡವಿ, ಅದರ ಭಾರದಿಂದ ಗ್ಲೈಡರನ್ನು ಛಾವಣಿಯಿಂದ ಮುಲ್ಡೆ ನದಿಯಾಚೆಗೆ ಚಿಮ್ಮಿಸುವುದು ಉಪಾಯ. ಸುರಂಗ ಹುಡುಕಿ ಅಭ್ಯಾಸವಾಗಿದ್ದ ಕಾವಲುಗಾರರ ಕಣ್ಣು ನೆಲದ ಮೇಲಿತ್ತು.

ಆ ಗ್ಲೈಡರಿಗೆ ಸೆರೆಯಾಳುಗಳಿಟ್ಟ ಹೆಸರು ‘ಕೋಲ್ಡಿಟ್ಜ್ ಹುಂಜ’. ನುಡಿಗಟ್ಟಿಗೆ ಬೇಕಾದ ಪರಿಕರವೆಲ್ಲ ಕೂಡಿಬಂದಿತ್ತು: ಗೂಡು, ಹಕ್ಕಿ, ರೆಕ್ಕೆ. ಅಷ್ಟರಲ್ಲಿ 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನ್ಯ ಬಂದು ಕೋಟೆಯ ಬಾಗಿಲು ತೆರೆಯಿತು. ಸೆರೆಯಾಳುಗಳು ಬಾಗಿಲ ಮೂಲಕವೇ ಹೊರಬಂದರು. ಬಿಡುಗಡೆಯೇ ಬಂದು ವಾಕ್ಯವನ್ನು ಕೆಡಿಸಿದ ಈ ನಿದರ್ಶನ ಕಂಡು ವೈಯಾಕರಣರು ಮರುಗುವುದು ಸಹಜ. ಸೆರೆಯಾಳುಗಳು ಮರುಗಿದ್ದಕ್ಕೆ ಆಧಾರವಿಲ್ಲ.

2000ದಲ್ಲಿ ಇಂಗ್ಲೆಂಡಿನ ಓಡಿಯಮ್ ವಾಯುನೆಲೆಯಲ್ಲಿ ಬೆಸ್ಟ್ ಮತ್ತು ಗೋಲ್ಡ್‌ಫಿಂಚ್ ಕಣ್ಣೆದುರೇ ಪ್ರತಿಕೃತಿಯೊಂದು ಪೈಲಟ್‌ನನ್ನು ಹೊತ್ತು ಹಾರಿತು. ಹಾರಿದ್ದು ನಿಜ, ಆದರೆ ಗೂಡಿರಲಿಲ್ಲ. 2012ರಲ್ಲಿ ಇನ್ನೊಂದನ್ನು ಕೋಲ್ಡಿಟ್ಜ್‌ನ ಛಾವಣಿಯಿಂದಲೇ ಚಿಮ್ಮಿಸಲಾಯಿತು. ರೇಡಿಯೊ ನಿಯಂತ್ರಣದಲ್ಲಿ ನದಿ ದಾಟಿ ಹುಲ್ಲುಗಾವಲಿಗೆ ಇಳಿಯಿತು. ಗೂಡೂ ಇತ್ತು, ಹಾರಾಟವೂ ಆಯಿತು, ಒಳಗೆ ಮನುಷ್ಯನಿರಲಿಲ್ಲ. ನಪುಂಸಕಲಿಂಗದಲ್ಲಿ ‘ಹಾರಿತು’ ಎನ್ನಲು ಅಡ್ಡಿಯಿಲ್ಲ. ಹೇಳಬೇಕಾದ ಕಾವಲುಗಾರ ಮಾತ್ರ ಅಲ್ಲಿರಲಿಲ್ಲ, ಸಾಕ್ಷ್ಯಚಿತ್ರದ ಕ್ಯಾಮೆರಾ ಇತ್ತು. ಕ್ಯಾಮೆರಾ ಪ್ರಥಮ ಪುರುಷವೋ ಮಧ್ಯಮ ಪುರುಷವೋ ಎಂಬಲ್ಲಿ ಈ ಲೇಖಕರಿಗೆ ತಮ್ಮೊಂದಿಗೇ ಭಿನ್ನಾಭಿಪ್ರಾಯವಿದೆ.